ಗ್ಯಾಸ್‌ಬತ್ತಿಯ ಜಾಲರಿಯೂ ಥೋರಿಯಂ ಇಂಧನದ ಉಷ್ಣಗುಣಗಳೂ

ನಮ್ಮ ಶಾಲೆಗೆ ಐವತ್ತು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿದರು. ಹಳೆಯ ನೆನಪುಗಳನ್ನು ನಾಲ್ಕು ಪುಟ ಬರೆದರಾಯಿತೆಂದು ನಾನು ಒಪ್ಪಿಕೊಂಡೆನು. ಆದರೆ ಸಮಿತಿಯವರೊಡನೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು (ಈಗ ಆಕೆಯೇ ಮೊಮ್ಮಕ್ಕಳನ್ನು ಕಂಡವಳು) ಸುಮ್ಮನೆ ನಕ್ಕು, "ನೆನಪು ಎಲ್ಲಾರೂ ಬರೀತಾರ್ರಿ ಸರ್. ನೀವು ನನಗ ಒಂದು ಉತ್ತರ ಬಾಕಿ ಇಟ್ಟೀರಿ. ಅದನ್ನ ಬರಕೊಡ್ರಿ" ಎಂದಳು. ಯಾವ ಉತ್ತರವೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

1983ರ ಸುಮಾರಿನ ಮಾತು. ಏಳನೆಯ ತರಗತಿಗೆ ಉಷ್ಣದ ಪಾಠ ಹೇಳುವಾಗ, ಜಾತ್ರೆಗೆಂದು ತಂದಿದ್ದ ಗ್ಯಾಸ್‌ಬತ್ತಿಯೊಂದನ್ನು ಮೇಜಿನ ಮೇಲೆ ಇರಿಸಿ ಹಚ್ಚಿ ತೋರಿಸಿದ್ದೆನು. ಹೊಸ ಜಾಲರಿಯನ್ನು ಕಟ್ಟಿ ಬೆಂಕಿ ತಾಗಿಸಿದಾಗ ಬಟ್ಟೆ ಸುಟ್ಟು, ಬಿಳಿಯ ಗೂಡಿನಂತಹ ಒಂದು ಜಾಲ ಉಳಿಯಿತು. ಗಾಳಿ ಹಾಕಿದೊಡನೆ ಕಣ್ಣು ಕುಕ್ಕುವ ಬೆಳಕು ಬಂದಿತು. ಆ ಹುಡುಗಿ ಎದ್ದು ನಿಂತು, "ಅರಿವಿ ಸುಟ್ಟಮ್ಯಾಲೂ ಆ ಜಾಳಿಗಿ ಯಾಕ ಉಳೀತದ್ರಿ ಸರ್?" ಎಂದು ಕೇಳಿದಳು. "ಅದು ರೇಷ್ಮೆಯ ಬೂದಿ" ಎಂದೆನು. ಮಗ್ಗದ ಮನೆಯ ಮಗು ಅದನ್ನು ಒಪ್ಪಲಿಲ್ಲ. "ರೇಷ್ಮಿ ಸುಟ್ರ ಕರ್ರಗ ಉಂಡಿ ಆಗ್ತದ್ರಿ ಸರ್, ಹಿಸುಕಿದ್ರ ಪುಡಿ ಆಗ್ತದ. ಬೆಳ್ಳಗ ಇರಂಗಿಲ್ಲ" ಎಂದಳು. ತರಗತಿಯಲ್ಲಿ ನಗು ಎದ್ದಿತು. ನಾನು "ಕುಳಿತುಕೋ, ಅಧಿಕಪ್ರಸಂಗ ಬೇಡ" ಎಂದು ಗದರಿದೆನು.

ಹೇಳಿದ್ದು ಅವಳೇ ಸರಿ. ರೇಷ್ಮೆಯ ಎಳೆ ನಿಜವೋ ನಕಲಿಯೋ ಎಂದು ನಮ್ಮ ರಾಜೋಳಿಯ ನೇಕಾರರು ಇಂದಿಗೂ ಸುಟ್ಟು ನೋಡಿಯೇ ಹೇಳುತ್ತಾರೆ. ಮೆಟ್ರಿಕ್ ಪಾಸಾದ ಮಾಸ್ತರನಿಗಿಂತ ಆ ವಿಷಯ ಆ ಮಗುವಿಗೆ ಚೆನ್ನಾಗಿ ಗೊತ್ತಿತ್ತು. ನಿಜವಾದ ಉತ್ತರ ನನಗೆ ಸಿಕ್ಕಿದ್ದು ಮೂರು ನಾಲ್ಕು ವರ್ಷಗಳ ಮೇಲೆ. ಗದ್ವಾಲಿನಲ್ಲಿ ಕನ್ನಡದ ವಿಜ್ಞಾನ ಪುಸ್ತಕಗಳು ದೊರೆಯುತ್ತಿರಲಿಲ್ಲ. ರಾಯಚೂರಿಗೆ ಹೋದಾಗಲೆಲ್ಲ 'ಬಾಲ ವಿಜ್ಞಾನ'ದ ಹಳೆಯ ಸಂಚಿಕೆಗಳನ್ನೂ ಕೈಗೆ ಸಿಕ್ಕ ಇತರ ಪುಸ್ತಕಗಳನ್ನೂ ತರುತ್ತಿದ್ದೆನು. ಅಂತಹ ಓದಿನಲ್ಲಿ ಆ ಬಿಳಿಯ ಜಾಲ ಥೋರಿಯಂ ಎಂಬ ಧಾತುವಿನ ಆಕ್ಸೈಡ್ ಎಂದು ತಿಳಿಯಿತು. ಅಷ್ಟರಲ್ಲಿ ಆಕೆ ಶಾಲೆ ಬಿಟ್ಟಿದ್ದಳು. ಆಮೇಲೆ ನೇಕಾರರ ಓಣಿಯಲ್ಲಿ ಎಷ್ಟೋ ಸಲ ಎದುರಾದಳು. ನನ್ನ ತಪ್ಪನ್ನು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಆ ಬಾಕಿಯನ್ನು ಬಡ್ಡಿಯೊಡನೆ ತೀರಿಸಲು ಈ ಲೇಖನ.

ಥೋರಿಯಂ ಧಾತುವನ್ನು 1828ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಎಂಬ ರಸಾಯನ ವಿಜ್ಞಾನಿಯು ನಾರ್ವೆ ದೇಶದಿಂದ ಬಂದ ಒಂದು ಕಪ್ಪು ಖನಿಜದಲ್ಲಿ ಕಂಡುಹಿಡಿದನು. ಅಲ್ಲಿಯ ಜನರ ಗುಡುಗಿನ ದೇವತೆಯಾದ ಥಾರ್‌ನ ಹೆಸರನ್ನು ಅದಕ್ಕೆ ಇಟ್ಟನು. ಬಹುಕಾಲ ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. 1891ರಲ್ಲಿ ಆಸ್ಟ್ರಿಯದ ಆವರ್ ವಾನ್ ವೆಲ್ಸ್‌ಬಾಕ್ ಎಂಬಾತನು ನೂರರಲ್ಲಿ ತೊಂಬತ್ತೊಂಬತ್ತು ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್ ಬೆರೆಸಿದರೆ ಅನಿಲದೀಪಕ್ಕೆ ಅತ್ಯುತ್ತಮ ಜಾಲರಿ ಆಗುವುದೆಂದು ತೋರಿಸಿಕೊಟ್ಟನು. ಹತ್ತಿ ಅಥವಾ ಕೃತಕ ರೇಷ್ಮೆಯ ಚೀಲವನ್ನು ಈ ಧಾತುಗಳ ಲವಣದ ದ್ರಾವಣದಲ್ಲಿ ಅದ್ದಿ ಒಣಗಿಸುತ್ತಾರೆ. ಮೊದಲ ಸಲ ಹಚ್ಚಿದಾಗ ಬಟ್ಟೆ ಸುಟ್ಟುಹೋಗುತ್ತದೆ. ಲವಣವು ಆಕ್ಸೈಡ್ ಆಗಿ ಬಟ್ಟೆಯ ಆಕಾರವನ್ನೇ ತಳೆದು ನಿಲ್ಲುತ್ತದೆ. ನಾನು ಬೂದಿ ಎಂದದ್ದು ಈ ವಸ್ತುವನ್ನು. ಅದು ಮೊದಲೇ ಆಮ್ಲಜನಕದೊಡನೆ ಪೂರ್ಣವಾಗಿ ಕೂಡಿಕೊಂಡಿರುವುದರಿಂದ ಮತ್ತೆ ಸುಡಲು ಅದರಲ್ಲಿ ಏನೂ ಉಳಿದಿಲ್ಲ. ಸೀಮೆಎಣ್ಣೆಯ ಉರಿ ಒಂದೂವರೆ ಸಾವಿರ ಡಿಗ್ರಿಯ ಆಸುಪಾಸು ಇರಬಹುದು. ಆ ಉರಿಗೆ ಅದು ಕರಗುವುದೂ ಇಲ್ಲ.

ಎಷ್ಟು ಉಷ್ಣಕ್ಕೆ ಕರಗೀತು? ಚಿನ್ನ 1,064 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕಬ್ಬಿಣ 1,538 ಡಿಗ್ರಿಗೆ. ಥೋರಿಯಂ ಲೋಹ ಕರಗುವುದು 1,750 ಡಿಗ್ರಿಗೆ. ಅದೇ ಲೋಹ ಆಮ್ಲಜನಕದೊಡನೆ ಕೂಡಿ ಆಕ್ಸೈಡ್ ಆದಾಗ ದ್ರವನ ಬಿಂದು ಸುಮಾರು 3,300 ಡಿಗ್ರಿಗೂ ಮೇಲೆ ಹೋಗುತ್ತದೆ. ತಿಳಿದಿರುವ ಆಕ್ಸೈಡುಗಳಲ್ಲೆಲ್ಲ ಇದೇ ಅತಿ ಹೆಚ್ಚಿನದು. ಇಂದಿನ ಪರಮಾಣು ವಿದ್ಯುತ್ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಬಳಸುವ ಯುರೇನಿಯಂ ಆಕ್ಸೈಡ್ ಇದಕ್ಕಿಂತ ಸುಮಾರು 500 ಡಿಗ್ರಿ ಕಡಿಮೆಯಲ್ಲಿಯೇ, ಅಂದರೆ 2,850 ಡಿಗ್ರಿಯ ಹತ್ತಿರ, ಕರಗುತ್ತದೆ. ಜಾತ್ರೆಯ ದೀಪಕ್ಕೂ ಪರಮಾಣು ಸ್ಥಾವರಕ್ಕೂ ಒಂದೇ ವಸ್ತು ಒದಗಿ ಬರುವುದು ಈ ಗುಣದಿಂದಲೇ.

ಇನ್ನು ಪರಮಾಣು ಇಂಧನದ ಮಾತಿಗೆ ಬರೋಣ. ನಮ್ಮ ಶಾಲೆಯ ಮಕ್ಕಳನ್ನು ಒಮ್ಮೆ ಕೃಷ್ಣಾ ತೀರದ ಶಕ್ತಿನಗರಕ್ಕೆ ಕರೆದೊಯ್ದುದು ಹಲವರಿಗೆ ನೆನಪಿರಬಹುದು. ಅಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಗಿತ್ತು. ಕಲ್ಲಿದ್ದಲಿನ ರೈಲುಗಳನ್ನು ಎಣಿಸಿ ಎಣಿಸಿ ಮಕ್ಕಳು ದಣಿದಿದ್ದರು. ಕಲ್ಲಿದ್ದಲಾಗಲಿ ಪರಮಾಣುವಾಗಲಿ, ಕೊನೆಗೆ ಮಾಡುವ ಕೆಲಸ ಒಂದೇ: ನೀರನ್ನು ಕಾಯಿಸಿ ಉಗಿ ಮಾಡುವುದು, ಉಗಿಯಿಂದ ಚಕ್ರ ತಿರುಗಿಸುವುದು. ವ್ಯತ್ಯಾಸವಿರುವುದು ಒಲೆಯಲ್ಲಿ. ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿಯ ದಡದ ಕೈಗಾ ಸ್ಥಾವರದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಒಂದೊಂದು ಘಟಕದ ಒಲೆಯಲ್ಲಿ 306 ಕೊಳವೆಗಳು, ಕೊಳವೆಗೆ 12ರಂತೆ 3,672 ಇಂಧನದ ಕಂತೆಗಳು. ಈ ಕಂತೆಗಳು ತಯಾರಾಗುವುದು ನಮ್ಮ ಹೈದರಾಬಾದಿನಲ್ಲಿ, 1971ರಲ್ಲಿ ಸ್ಥಾಪನೆಯಾದ ಪರಮಾಣು ಇಂಧನ ಸಂಕೀರ್ಣದಲ್ಲಿ. ಒಂದು ಕಂತೆ ಸುಮಾರು ಅರ್ಧ ಮೀಟರ್ ಉದ್ದ, ಹದಿನಾರು ಹದಿನೇಳು ಕಿಲೋ ತೂಕ; ಒಂದು ಸಣ್ಣ ಚೀಲ ಜೋಳದಷ್ಟು. ಅದರಿಂದ ಹೊರಡುವ ಶಾಖ ಸರಾಸರಿ 200 ಕಿಲೋವ್ಯಾಟ್. ಇಷ್ಟು ಚಿಕ್ಕ ವಸ್ತುವಿನಿಂದ ಇಷ್ಟೊಂದು ಶಾಖವನ್ನು ಎಡೆಬಿಡದೆ ಹೊರತೆಗೆಯಬೇಕಾದಾಗ ಆ ವಸ್ತುವಿನ ಉಷ್ಣಗುಣಗಳೇ ಎಲ್ಲಕ್ಕಿಂತ ಮುಖ್ಯವಾಗುತ್ತವೆ.

ಕಂತೆಯಲ್ಲಿ 19 ಕಡ್ಡಿಗಳಿರುತ್ತವೆ. ಕಡ್ಡಿಯೆಂದರೆ ಜಿರ್ಕೋನಿಯಂ ಮಿಶ್ರಲೋಹದ ತೆಳುವಾದ ನಳಿಗೆ. ಅದರೊಳಗೆ ಆಕ್ಸೈಡಿನ ಗುಳಿಗೆಗಳನ್ನು ಒಂದರ ಮೇಲೊಂದು ಜೋಡಿಸಿ ಎರಡೂ ಬಾಯಿ ಮುಚ್ಚಿರುತ್ತಾರೆ. ಶಾಖ ಹುಟ್ಟುವುದು ಗುಳಿಗೆಯ ಒಡಲಿನಲ್ಲಿ. ಹೊರಗೆ ಹರಿಯುವ ನೀರಿನ ಉಷ್ಣತೆ 300 ಡಿಗ್ರಿಗಿಂತ ಕಡಿಮೆ. ಬೆರಳಿನ ದಪ್ಪವೂ ಇಲ್ಲದ ಆ ಗುಳಿಗೆಯ ನಡುಭಾಗ ಮಾತ್ರ 1,500 ಡಿಗ್ರಿಯನ್ನೂ ದಾಟಬಹುದು. ಅಂಚಿನಿಂದ ನಡುವಿಗೆ ಏಳು ಮಿಲಿಮೀಟರ್ ದೂರದಲ್ಲಿ ಸಾವಿರ ಡಿಗ್ರಿಯ ಅಂತರ! ನಮ್ಮ ಮನೆಗಳಲ್ಲಿ ದಪ್ಪ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಾಗ ಒಂದು ಮಗ್ಗುಲು ಸೀದು ಒಳಗೆ ಹಸಿಯಾಗಿಯೇ ಉಳಿಯುವುದಿಲ್ಲವೇ? ಶಾಖವು ಅದರಲ್ಲಿ ನಿಧಾನವಾಗಿ ಸಾಗುವುದೇ ಕಾರಣ. ಇಲ್ಲಿ ಅದೇ ಕಥೆ ತಿರುವುಮುರುವಾಗಿದೆ: ಬೆಂಕಿ ರೊಟ್ಟಿಯ ಒಳಗೇ ಇದೆ, ತಂಪು ಹೊರಗಿದೆ.

ಶಾಖವನ್ನು ಸಾಗಿಸುವ ಈ ಗುಣಕ್ಕೆ ಉಷ್ಣವಾಹಕತೆ ಎಂದು ಹೆಸರು. ಲೋಹಗಳಲ್ಲಿ ಬಿಡಿಯಾಗಿ ಓಡಾಡುವ ಎಲೆಕ್ಟ್ರಾನುಗಳು ಶಾಖವನ್ನು ಹೊತ್ತೊಯ್ಯುತ್ತವೆ. ಆಕ್ಸೈಡುಗಳಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಪರಮಾಣುಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಕಂಪಿಸುತ್ತಾ ಕಂಪನವನ್ನು ಪಕ್ಕದವಕ್ಕೆ ದಾಟಿಸಬೇಕು. ಬೆಂಕಿ ಬಿದ್ದ ಮನೆಗೆ ನದಿಯಿಂದ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವುದನ್ನು ನೆನೆಯಿರಿ. ಎಲ್ಲರೂ ಒಂದೇ ಎತ್ತರದವರಾಗಿ, ಒಂದೇ ಅಳತೆಯ ಅಂತರದಲ್ಲಿ, ಅಲುಗಾಡದೆ ನಿಂತರೆ ಕೊಡ ಬೇಗ ಸಾಗುತ್ತದೆ. ನಡುನಡುವೆ ಮಕ್ಕಳೋ ಮುದುಕರೋ ಸೇರಿದರೆ, ಇಲ್ಲವೆ ಎಲ್ಲರೂ ಗಡಿಬಿಡಿಯಿಂದ ಅತ್ತಿತ್ತ ಓಲಾಡಿದರೆ, ತಡವಾಗುತ್ತದೆ. ಥೋರಿಯಂ ಆಕ್ಸೈಡಿನ ಸಾಲು ಯುರೇನಿಯಂ ಆಕ್ಸೈಡಿನ ಸಾಲಿಗಿಂತ ಹೆಚ್ಚು ಶಿಸ್ತಿನದು. ಸುಮಾರು 500 ಡಿಗ್ರಿಯಲ್ಲಿ ಥೋರಿಯಂ ಆಕ್ಸೈಡಿನ ಉಷ್ಣವಾಹಕತೆ ಮೀಟರಿಗೆ ಡಿಗ್ರಿಯೊಂದಕ್ಕೆ 6 ವ್ಯಾಟ್‌ನಷ್ಟಿದ್ದರೆ ಯುರೇನಿಯಂ ಆಕ್ಸೈಡಿನದು 5ಕ್ಕೂ ಕಡಿಮೆ. ಆದ್ದರಿಂದ ಒಂದೇ ಪ್ರಮಾಣದ ಶಾಖ ಹುಟ್ಟಿದರೂ ಥೋರಿಯಂ ಗುಳಿಗೆಯ ನಡುಭಾಗ ಅಷ್ಟು ಕಾಯುವುದಿಲ್ಲ.

ಇಲ್ಲಿಗೆ ನಿಲ್ಲಿಸಿ ಕೈತಟ್ಟಿಸಿಕೊಳ್ಳುವ ಲೇಖನಗಳನ್ನು ನಾನು ಓದಿದ್ದೇನೆ. ಪೂರ್ತಿ ಹೇಳದಿದ್ದರೆ ಮತ್ತೆ 'ರೇಷ್ಮೆಯ ಬೂದಿ'ಯ ತಪ್ಪನ್ನೇ ಮಾಡಿದಂತಾಗುತ್ತದೆ. ಉಷ್ಣತೆ ಏರಿದಂತೆ ಸಾಲಿನಲ್ಲಿ ಓಲಾಟ ಹೆಚ್ಚುತ್ತದೆ, ಎರಡೂ ಆಕ್ಸೈಡುಗಳ ವಾಹಕತೆ ಇಳಿಯುತ್ತದೆ. 1,500 ಡಿಗ್ರಿಯ ಹತ್ತಿರ ಎರಡರ ನಡುವಿನ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅಲ್ಲದೆ, ಮುಂದೆ ಹೇಳಲಿರುವಂತೆ, ಶುದ್ಧ ಥೋರಿಯಂ ತಾನಾಗಿ ಉರಿಯಲಾರದು. ಅದಕ್ಕೆ ಯುರೇನಿಯಂ ಅಥವಾ ಪ್ಲುಟೋನಿಯಂ ಬೆರೆಸಬೇಕು. ಬೆರೆಸಿದರೆ ಸಾಲಿನಲ್ಲಿ ಬೇರೆ ಅಳತೆಯ ಜನ ಸೇರಿದಂತೆಯೇ ಸರಿ. ಯುರೇನಿಯಂ ಪ್ರಮಾಣ ನೂರಕ್ಕೆ ನಾಲ್ಕೈದು ಇದ್ದಾಗ ನಷ್ಟ ಅಲ್ಪ. ಹೆಚ್ಚುತ್ತಾ ಹೋದಂತೆ ಥೋರಿಯಂನ ಮೇಲುಗೈ ಕರಗುತ್ತದೆ. ಒಲೆಯೊಳಗೆ ವರ್ಷಗಟ್ಟಲೆ ಉರಿದ ಗುಳಿಗೆಯಲ್ಲಿ ವಿದಳನದಿಂದ ಹುಟ್ಟಿದ ಹೊಸ ಧಾತುಗಳೂ ವಿಕಿರಣದಿಂದಾದ ಬಿರುಕುಗಳೂ ಸೇರಿ ವಾಹಕತೆ ಇನ್ನಷ್ಟು ತಗ್ಗುತ್ತದೆ. ಆದ್ದರಿಂದ ಇಂಧನದ ಗುಣವನ್ನು ಅಳೆಯುವವರು ಹೊಸ ಗುಳಿಗೆಯನ್ನು ಮಾತ್ರ ಅಳೆದರೆ ಸಾಲದು.

ಉಷ್ಣ ವ್ಯಾಕೋಚನೆಯ ವಿಷಯವನ್ನು ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆಯುವುದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಪಟ್ಟಿಯನ್ನು ಕೆಂಪಗೆ ಕಾಯಿಸಿದಾಗ ಹಿಗ್ಗಿ ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ, ನೀರು ಸುರಿದಾಗ ಕುಗ್ಗಿ ಬಿಗಿಯುತ್ತದೆ. ಗುಳಿಗೆ ಹಿಗ್ಗಿದರೆ ತನ್ನನ್ನು ಹಿಡಿದಿರುವ ತೆಳುವಾದ ನಳಿಗೆಯನ್ನು ಒಳಗಿನಿಂದ ಒತ್ತುತ್ತದೆ. ಥೋರಿಯಂ ಆಕ್ಸೈಡ್ ಯುರೇನಿಯಂ ಆಕ್ಸೈಡಿಗಿಂತ ಸ್ವಲ್ಪ ಕಡಿಮೆ ಹಿಗ್ಗುತ್ತದೆ. ವ್ಯತ್ಯಾಸ ದೊಡ್ಡದಲ್ಲದಿದ್ದರೂ ನಳಿಗೆಯ ಆಯುಷ್ಯದ ದೃಷ್ಟಿಯಿಂದ ಅದು ಲಾಭವೇ. ವಿಶಿಷ್ಟೋಷ್ಣದಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ.

ಇದಕ್ಕಿಂತ ನನಗೆ ಮುಖ್ಯವಾಗಿ ತೋರುವ ಗುಣ ಇನ್ನೊಂದಿದೆ. ನಳಿಗೆ ಎಲ್ಲಿಯಾದರೂ ತೂತಾಗಿ ಗಾಳಿ ತಾಗಿತೆನ್ನಿ. ಬಿಸಿಯಾದ ಯುರೇನಿಯಂ ಆಕ್ಸೈಡ್ ಇನ್ನಷ್ಟು ಆಮ್ಲಜನಕವನ್ನು ಹೀರಿಕೊಂಡು ಬೇರೊಂದು ಆಕ್ಸೈಡ್ ಆಗಿ, ಉಬ್ಬಿ, ಪುಡಿಯಾಗುತ್ತದೆ. ತುಕ್ಕು ಹಿಡಿದ ಬಾಗಿಲಿನ ತಿರುಗಣಿ ಉಬ್ಬಿ ಮರವನ್ನೇ ಸೀಳುವುದನ್ನು ನಾವು ನೋಡುವುದಿಲ್ಲವೇ, ಹಾಗೆ. ಥೋರಿಯಂ ಆಕ್ಸೈಡ್ ಹಾಗಲ್ಲ. ಅದರ ಆಮ್ಲಜನಕದ ಹಸಿವು ಒಮ್ಮೆಗೇ ತೀರಿರುತ್ತದೆ. ಗಾಳಿಯಲ್ಲಿ ಎಷ್ಟು ಕಾಯಿಸಿದರೂ ಅದು ಅದೇ ಆಕ್ಸೈಡ್ ಆಗಿಯೇ ಉಳಿಯುತ್ತದೆ. ನಮ್ಮ ಜಾತ್ರೆಯಲ್ಲಿ ಗ್ಯಾಸ್‌ಬತ್ತಿ ಹಚ್ಚುತ್ತಿದ್ದ ಮಾವನೊಬ್ಬನು ಒಂದೇ ಜಾಲರಿಯಲ್ಲಿ ಮೂರು ರಾತ್ರಿಗಳ ಬಯಲಾಟವನ್ನು ಮುಗಿಸುತ್ತಿದ್ದನು. ಜಾಲರಿ ಹೋಗುತ್ತಿದ್ದುದು ಯಾರಾದರೂ ಕಂಬಕ್ಕೆ ಢಿಕ್ಕಿ ಹೊಡೆದು ದೀಪ ಅಲುಗಿದಾಗಲೇ ಹೊರತು ಉರಿಯಿಂದಲ್ಲ.

ಇಷ್ಟೆಲ್ಲ ಗುಣವಿದ್ದ ಮೇಲೆ ಅಪಘಾತವೇ ಆಗದೆಂದು ತಿಳಿಯಬಾರದು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿಯಿಂದ ವಿದ್ಯುತ್ ಕಡಿದು, ಒಲೆ ಆರಿದ ಮೇಲೂ ಇಂಧನದಲ್ಲಿ ಹುಟ್ಟುತ್ತಲೇ ಇರುವ ಉಳಿಕೆ ಶಾಖವನ್ನು ತೆಗೆಯಲಾಗಲಿಲ್ಲ. ಜಿರ್ಕೋನಿಯಂ ನಳಿಗೆಗಳು ಉಗಿಯೊಡನೆ ವರ್ತಿಸಿ ಜಲಜನಕ ಹೊರಟು ಸ್ಫೋಟವಾಯಿತು. ಆ ನಳಿಗೆ ಕರಗುವುದು 1,850 ಡಿಗ್ರಿಯ ಸುಮಾರಿಗೆ. ಒಳಗಿನ ಗುಳಿಗೆ 3,300 ಡಿಗ್ರಿ ತಾಳಿದರೂ ಹೊರಗಿನ ನಳಿಗೆ ಮೊದಲೇ ಕೈಬಿಡುತ್ತದೆ. ಥೋರಿಯಂ ಬಂದರೆ ಭಯವೇ ಇಲ್ಲ ಎಂದು ಹೇಳುವವರು ಈ ಲೆಕ್ಕವನ್ನು ಮರೆಯುತ್ತಾರೆ. ಕೈಗಾ ಯೋಜನೆಯನ್ನು ಶಿವರಾಮ ಕಾರಂತರು ಬಲವಾಗಿ ವಿರೋಧಿಸಿದ್ದರು. ಅವರ ವಯಸ್ಸಿನವರೊಬ್ಬರು ಕಾಡಿಗಾಗಿ ಚುನಾವಣೆಗೂ ನಿಂತರಲ್ಲ ಎಂದು ಆಗ ನನಗೆ ಆಶ್ಚರ್ಯವಾಗಿತ್ತು. ವಿದ್ಯುತ್ ಬೇಕು ಎನ್ನುವ ಪಕ್ಷದವನಾದರೂ, ಅಂತಹ ಪ್ರಶ್ನೆಗಳನ್ನು ಕೇಳುವವರು ಇರಬೇಕೆಂದೇ ನನ್ನ ಅಭಿಪ್ರಾಯ. ಪ್ರಶ್ನೆ ಕೇಳಿದವರನ್ನು ಕುಳ್ಳಿರಿಸಿದವನ ಅಭಿಪ್ರಾಯವಿದು.

ಈಗ ನನ್ನ ಎರಡನೆಯ ಬಾಕಿಯ ಮಾತು. ಅದೇ ವರ್ಷಗಳಲ್ಲಿ ನಾನು ತರಗತಿಯಿಂದ ತರಗತಿಗೆ, "ನೀವು ದೊಡ್ಡವರಾಗುವ ಹೊತ್ತಿಗೆ ನಮ್ಮ ದೇಶದ ದೀಪಗಳೆಲ್ಲ ಥೋರಿಯಂನಿಂದ ಉರಿಯುತ್ತವೆ" ಎಂದು ಹೇಳುತ್ತಾ ಬಂದೆನು. ಆ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳೂ ನಮ್ಮ ಶಾಲೆಯಲ್ಲಿ ಓದಿ ಹೋದರು. ದೀಪಗಳು ಇನ್ನೂ ಶಕ್ತಿನಗರದ ಕಲ್ಲಿದ್ದಲಿನಂತಹವುಗಳಿಂದಲೇ ಹೆಚ್ಚಾಗಿ ಉರಿಯುತ್ತಿವೆ. ನಾನು ಸುಳ್ಳು ಹೇಳಿದೆನೇ?

ಆಸೆಗೆ ಆಧಾರವಿತ್ತು. 1909ರಲ್ಲಿ ಶಾಂಬರ್ಗ್ ಎಂಬ ಜರ್ಮನಿಯ ರಸಾಯನ ವಿಜ್ಞಾನಿಯು, ತಿರುವಾಂಕೂರಿನಿಂದ ಬಂದ ತೆಂಗಿನ ನಾರಿನಲ್ಲಿ ಅಂಟಿಕೊಂಡಿದ್ದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವನ್ನು ಗುರುತಿಸಿದನು. ಅದರಲ್ಲಿ ನೂರಕ್ಕೆ ಎಂಟು ಹತ್ತು ಪಾಲು ಥೋರಿಯಂ ಆಕ್ಸೈಡ್ ಇರುತ್ತದೆ. ದೀಪದ ಜಾಲರಿಗಾಗಿಯೇ ಆಗ ಯುರೋಪಿನವರು ಅದನ್ನು ಹುಡುಕುತ್ತಿದ್ದರು. ಆ ಮರಳು ದೊರೆತ ಮನವಾಲಕುರಿಚ್ಚಿ ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಕೇರಳ, ತಮಿಳುನಾಡು, ಆಂಧ್ರ, ಒಡಿಶಾ ಕಡಲತೀರಗಳಲ್ಲಿ ಇಂತಹ ಮರಳು ಹೇರಳವಾಗಿದೆ. ದೇಶ ಸ್ವತಂತ್ರವಾದ ಮೇಲೆ 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಸ್ಥಾಪನೆಯಾಯಿತು. ಅದರ ಆಲುವಾ ಕಾರ್ಖಾನೆಯನ್ನು 1952ರ ಡಿಸೆಂಬರಿನಲ್ಲಿ ಪಂಡಿತ ನೆಹರೂ ಅವರು ಉದ್ಘಾಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲವಿದ್ದ ಹೋಮಿ ಭಾಭಾ ಅವರು, ಯುರೇನಿಯಂ ಕಡಿಮೆಯಾಗಿ ಥೋರಿಯಂ ಹೆಚ್ಚಾಗಿರುವ ಈ ದೇಶಕ್ಕೆ ಮೂರು ಹಂತಗಳ ಯೋಜನೆಯನ್ನು 1954ರಲ್ಲಿ ಮುಂದಿಟ್ಟರು. ನಮ್ಮ ತುಮಕೂರು ಜಿಲ್ಲೆಯವರಾದ ರಾಜಾ ರಾಮಣ್ಣನವರು ಅದೇ ಪರಂಪರೆಯಲ್ಲಿ ಬೆಳೆದು, ಮುಂದೆ ಭಾಭಾ ಪರಮಾಣು ಸಂಶೋಧನ ಕೇಂದ್ರದ ನಿರ್ದೇಶಕರಾದರು.

ಮೂರು ಹಂತಗಳು ಏಕೆ ಬೇಕು? ಥೋರಿಯಂ ಹಸಿ ಕಟ್ಟಿಗೆಯಂತೆ. ನೇರವಾಗಿ ಒಲೆಗೆ ಇಟ್ಟರೆ ಹೊತ್ತಿಕೊಳ್ಳುವುದಿಲ್ಲ. ಉರಿಯುವ ಒಲೆಯ ಪಕ್ಕದಲ್ಲಿ ಇರಿಸಿ ಒಣಗಿಸಬೇಕು. ಥೋರಿಯಂ-232ರ ಪರಮಾಣು ಒಂದು ನ್ಯೂಟ್ರಾನನ್ನು ನುಂಗಿ ಥೋರಿಯಂ-233 ಆಗುತ್ತದೆ. 22 ನಿಮಿಷಗಳ ಅರ್ಧಾಯುಷ್ಯದಲ್ಲಿ ಅದು ಪ್ರೊಟ್ಯಾಕ್ಟಿನಿಯಂ ಆಗಿ, 27 ದಿನಗಳ ಅರ್ಧಾಯುಷ್ಯದಲ್ಲಿ ಯುರೇನಿಯಂ-233 ಆಗುತ್ತದೆ. ಇದು ಚೆನ್ನಾಗಿ ಉರಿಯುವ ಒಣ ಕಟ್ಟಿಗೆ. ಒಣಗಿಸುವ ಒಲೆಗೆ ಮೊದಲು ಯುರೇನಿಯಂ ಬೇಕು, ಅದರಿಂದ ಬರುವ ಪ್ಲುಟೋನಿಯಂ ಬೇಕು. ಮೊದಲ ಎರಡು ಹಂತಗಳು ಅದಕ್ಕಾಗಿ.

ತಡವಾಗಲು ಕಾರಣಗಳು ಹಲವು. ಹಣ, ರಾಜಕೀಯ, ಪ್ಲುಟೋನಿಯಂ ಕೊರತೆ ಎಲ್ಲವೂ ಇವೆ. ಆದರೆ ಉಷ್ಣದ ಪಾಠ ಹೇಳಿದವನಾಗಿ ನನಗೆ ಎದ್ದು ಕಾಣುವುದು ಬೇರೆ. ನಾನು ಇದುವರೆಗೆ ಹೊಗಳಿದ ಗುಣಗಳೇ ಅಡುಗೆಮನೆಯಲ್ಲಿ ಅಡ್ಡಿಯಾಗುತ್ತವೆ. ಗುಳಿಗೆ ಮಾಡಲು ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಆವಿಗೆಯಲ್ಲಿ ಬೇಯಿಸಬೇಕು, ಕುಂಬಾರನ ಕೆಲಸವೇ. ಯಾವ ವಸ್ತು ಕರಗಲು ಹಠ ಹಿಡಿಯುತ್ತದೆಯೋ ಅದು ಬೆಂದು ಗಟ್ಟಿಯಾಗಲೂ ಹಠ ಹಿಡಿಯುತ್ತದೆ. ಥೋರಿಯಂ ಆಕ್ಸೈಡಿಗೆ ಯುರೇನಿಯಂ ಆಕ್ಸೈಡಿಗಿಂತ ಹೆಚ್ಚಿನ ಉಷ್ಣತೆಯ ಕುಲುಮೆ ಬೇಕು, ಇಲ್ಲವೆ ಮೆಗ್ನೀಷಿಯಂ ಆಕ್ಸೈಡಿನಂತಹ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ಬೇಯುವಂತೆ ಮಾಡಬೇಕು. ಬಳಸಿ ಮುಗಿದ ಗುಳಿಗೆಯಿಂದ ಯುರೇನಿಯಂ-233ನ್ನು ಹೊರತೆಗೆಯಲು ಅದನ್ನು ಆಮ್ಲದಲ್ಲಿ ಕರಗಿಸಬೇಕು. ಯುರೇನಿಯಂ ಆಕ್ಸೈಡ್ ನೈಟ್ರಿಕ್ ಆಮ್ಲದಲ್ಲಿ ಕರಗುತ್ತದೆ. ಥೋರಿಯಂ ಆಕ್ಸೈಡ್ ಜಗ್ಗುವುದಿಲ್ಲ. ಸ್ವಲ್ಪ ಹೈಡ್ರೋಫ್ಲೋರಿಕ್ ಆಮ್ಲವನ್ನು ಸೇರಿಸಬೇಕು. ಆ ಆಮ್ಲವೋ ಪಾತ್ರೆಯನ್ನೇ ತಿನ್ನುವಂಥದು. ಇದರ ಮೇಲೆ, ಯುರೇನಿಯಂ-233ರ ಜೊತೆಗೆ ಅಲ್ಪಸ್ವಲ್ಪ ಯುರೇನಿಯಂ-232 ಸೇರಿಯೇ ಹುಟ್ಟುತ್ತದೆ. ಅದರ ಸಂತತಿಯ ಧಾತುಗಳು ತೀಕ್ಷ್ಣವಾದ ಗಾಮಾ ಕಿರಣಗಳನ್ನು ಹೊರಸೂಸುವುದರಿಂದ ಎಲ್ಲ ಕೆಲಸವನ್ನೂ ದಪ್ಪ ಗೋಡೆಯ ಹಿಂದೆ ದೂರದಿಂದಲೇ ಮಾಡಬೇಕು. ಗಾಳಿಗೆ ಕೆಡದ, ಬೆಂಕಿಗೆ ಕರಗದ, ಆಮ್ಲಕ್ಕೆ ಮಣಿಯದ ವಸ್ತುವನ್ನು ಮೆಚ್ಚುವುದು ಸುಲಭ, ಪಳಗಿಸುವುದು ಕಷ್ಟ.

ಹಾಗೆಂದು ಏನೂ ಆಗಿಲ್ಲವೆಂದಲ್ಲ. ಹೊಸ ಸ್ಥಾವರದಲ್ಲಿ ಎಲ್ಲ ಕಂತೆಗಳೂ ಹೊಸವಾಗಿರುವಾಗ ನಡುಭಾಗದ ಕಂತೆಗಳು ಅತಿಯಾಗಿ ಕಾಯುತ್ತವೆ, ಅಂಚಿನವು ತಣ್ಣಗಿರುತ್ತವೆ. ನಡುವಿನ ಬಿಸಿಗೆ ಹೆದರಿ ಇಡೀ ಒಲೆಯನ್ನೇ ತಗ್ಗಿಸಿ ಉರಿಸಬೇಕಾಗುತ್ತದೆ. ಗುಜರಾತಿನ ಕಾಕ್ರಪಾರದ ಮೊದಲ ಘಟಕದಲ್ಲಿ, 1992ರಲ್ಲಿ, ಲೆಕ್ಕ ಹಾಕಿ ಆರಿಸಿದ ಸ್ಥಾನಗಳಲ್ಲಿ 35 ಥೋರಿಯಂ ಕಂತೆಗಳನ್ನು ಇಟ್ಟು, ಅವು ಹೆಚ್ಚುವರಿ ನ್ಯೂಟ್ರಾನುಗಳನ್ನು ಹೀರುವಂತೆ ಮಾಡಿ, ಶಾಖವನ್ನು ಸಮನಾಗಿ ಹರಡಿದರು. ದೊಡ್ಡ ಒಲೆಯ ನಡುವೆ ಒಂದೆರಡು ಹಸಿ ಕೊರಡು ಇಟ್ಟು ಉರಿಯನ್ನು ಹದಕ್ಕೆ ತರುವ ನಮ್ಮ ಅಡುಗೆಯವರ ಉಪಾಯವೇ ಇದು. ಕೈಗಾದ ಮೊದಲ ಎರಡು ಘಟಕಗಳು 1999 ಮತ್ತು 2000ದಲ್ಲಿ ಆರಂಭವಾದಾಗಲೂ ಹೀಗೆಯೇ ಥೋರಿಯಂ ಕಂತೆಗಳನ್ನು ಬಳಸಲಾಯಿತು. ಇವುಗಳಿಂದ ಯುರೇನಿಯಂ-233ನ್ನು ಬೇರ್ಪಡಿಸುವ ಕಾರ್ಯಾಗಾರ ಟ್ರಾಂಬೆಯಲ್ಲಿ 2015ರಲ್ಲಿ ಕೆಲಸ ಆರಂಭಿಸಿತು. ಅದಕ್ಕೂ ಮುನ್ನ, 1996ರ ಅಕ್ಟೋಬರಿನಲ್ಲಿ, ಕಲ್ಪಾಕ್ಕಂನ 'ಕಾಮಿನಿ' ಎಂಬ ಪುಟ್ಟ ರಿಯಾಕ್ಟರ್ ಯುರೇನಿಯಂ-233ರಿಂದಲೇ ಉರಿಯತೊಡಗಿತು. ಅದರ ಶಕ್ತಿ 30 ಕಿಲೋವ್ಯಾಟ್. ನಮ್ಮ ಹೊಲಗಳ ಐದು ಅಶ್ವಶಕ್ತಿಯ ಎಂಟು ಪಂಪ್‌ಸೆಟ್‌ಗಳಷ್ಟು. ಅದು ಸಂಶೋಧನೆಗಾಗಿ ಮಾಡಿದ್ದೇ ಹೊರತು ವಿದ್ಯುತ್ತಿಗಾಗಿ ಅಲ್ಲ. ಆದರೂ ಥೋರಿಯಂನಿಂದ ಹುಟ್ಟಿದ ಇಂಧನ ನಮ್ಮ ನೆಲದಲ್ಲಿ ಉರಿಯಿತು.

ಹೊರದೇಶಗಳಲ್ಲಿ ಅಮೆರಿಕದ ಶಿಪ್ಪಿಂಗ್‌ಪೋರ್ಟ್ ಸ್ಥಾವರವು 1977ರಿಂದ 1982ರವರೆಗೆ ಥೋರಿಯಂ ಮತ್ತು ಯುರೇನಿಯಂ-233 ಆಕ್ಸೈಡ್ ಗುಳಿಗೆಗಳಿಂದ ನಡೆದು, ಕೊನೆಗೆ ಎಣಿಸಿದಾಗ ಇಟ್ಟುದಕ್ಕಿಂತ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚೇ ಇಂಧನ ಉಳಿದಿತ್ತು. ಚೀನಾದವರು ಗುಳಿಗೆಯ ಸಹವಾಸವನ್ನೇ ಬಿಟ್ಟು, ಥೋರಿಯಂನ ಫ್ಲೋರೈಡ್ ಲವಣವನ್ನು ಇತರ ಲವಣಗಳಲ್ಲಿ ಕರಗಿಸಿ ದ್ರವರೂಪದ ಇಂಧನವಾಗಿ ಬಳಸುವ ದಾರಿ ಹಿಡಿದಿದ್ದಾರೆ. ಗೋಬಿ ಮರುಭೂಮಿಯ ಅಂಚಿನಲ್ಲಿರುವ ಅವರ ಪ್ರಾಯೋಗಿಕ ರಿಯಾಕ್ಟರ್ 2023ರಲ್ಲಿ ಆರಂಭವಾಗಿ, 2024ರಲ್ಲಿ ಅದಕ್ಕೆ ಥೋರಿಯಂ ಸೇರಿಸಲಾಯಿತು. ಗುಳಿಗೆ ಬೇಯಿಸುವ ತೊಂದರೆಯೂ ಗುಳಿಗೆಯನ್ನು ಆಮ್ಲದಲ್ಲಿ ಕರಗಿಸುವ ತೊಂದರೆಯೂ ಅಲ್ಲಿ ಇಲ್ಲ. ಬಿಸಿ ಲವಣ ಲೋಹವನ್ನು ತಿನ್ನದಂತೆ ಕಾಯುವ ತೊಂದರೆ ಅದರ ಬದಲಿಗೆ ಬಂದಿದೆ.

ಗ್ಯಾಸ್‌ಬತ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಥೋರಿಯಂ ವಿಕಿರಣಶೀಲವೆಂದು 1898ರಲ್ಲಿಯೇ ಶ್ಮಿಟ್ ಮತ್ತು ಮೇರಿ ಕ್ಯೂರಿ ಬೇರೆ ಬೇರೆಯಾಗಿ ಕಂಡುಕೊಂಡಿದ್ದರು. ಅದರ ಅರ್ಧಾಯುಷ್ಯ 1,400 ಕೋಟಿ ವರ್ಷಗಳಾದುದರಿಂದ ವಿಕಿರಣ ಬಹಳ ಮಂದವಾದುದು. ನಮ್ಮ ಸೀಮೆಯ ಕಣಶಿಲೆಯಲ್ಲಿಯೂ ಅದು ಅಷ್ಟಿಷ್ಟು ಇದ್ದೇ ಇದೆ. ದೀಪದ ಬಳಿ ಕುಳಿತು ಬಯಲಾಟ ನೋಡಿದವರು ಭಯಪಡಬೇಕಾಗಿಲ್ಲ. ಆದರೆ ಒಡೆದ ಜಾಲರಿಯ ಪುಡಿ ಉಸಿರಿನೊಡನೆ ಒಳಗೆ ಹೋಗಬಾರದು. ನಾನು ಮಕ್ಕಳಿಗೆ ಅದನ್ನು ಊದಿ ತೋರಿಸಿದ್ದುಂಟು, ಹಾಗೆ ಮಾಡಬಾರದಿತ್ತು. ಈಗ ಅನೇಕ ಕಡೆ ಥೋರಿಯಂಗೆ ಬದಲಾಗಿ ಇಟ್ರಿಯಂ ಬಳಸಿದ ಜಾಲರಿಗಳು ಬಂದಿವೆ. ಮನೆಯ ಅಟ್ಟದಲ್ಲಿ ಹಳೆಯ ಜಾಲರಿಗಳಿದ್ದವರು ಮಕ್ಕಳ ಕೈಗೆ ಕೊಡದಿರಲಿ.

ನಾನು ಪಾಠಕ್ಕೆ ಬಳಸಿದ್ದ ದೀಪ 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಊರೊಳಗೆ ನುಗ್ಗಿದಾಗ ನನ್ನ ಟಿಪ್ಪಣಿ ಪುಸ್ತಕಗಳೊಡನೆ ಹೋಯಿತು. ಆದುದರಿಂದ ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಬರಿಯ ಬಾಯಿಮಾತಿನಲ್ಲಿಯೇ ಆ ನನ್ನ ವಿದ್ಯಾರ್ಥಿನಿಗೆ ಓದಿ ಹೇಳಿದೆನು. ಆಕೆ ಕೊನೆಯವರೆಗೂ ಕೇಳಿ, ಎದ್ದು ನಿಲ್ಲದೆಯೇ, "ಹಂಗಾದ್ರ ಆ ಗುಳಿಗಿ ಒಳಗ ಗ್ಯಾಸ್‌ಬತ್ತಿ ಹಂಗ ಬೆಳಕು ಇರ್ತದೇನ್ರಿ ಸರ್?" ಎಂದಳು. ಸ್ವಲ್ಪ ಯೋಚಿಸಿ ಹೇಳಿದೆನು: ಇರುತ್ತದಮ್ಮ. ಅಂಚು ನಾಲ್ಕೈದು ನೂರು ಡಿಗ್ರಿಯದಾದ್ದರಿಂದ ಕಪ್ಪಾಗಿಯೇ ಇರುತ್ತದೆ, ಬಹಳವೆಂದರೆ ಮಬ್ಬುಗೆಂಪು. ಒಳಗೆ ಹೋದಂತೆ ಕೆಂಪು, ಕಿತ್ತಳೆ, ನಟ್ಟನಡುವೆ ಹಳದಿ ಬಿಳುಪು. ಜಾಲರಿಯಷ್ಟು ಬೆಳ್ಳಗೆ ಇರಲಾರದು. ಆ ಬಿಳುಪಿಗೆ ನೂರರಲ್ಲಿ ಒಂದು ಪಾಲಿನ ಸೀರಿಯಂ ಕಾರಣ, ಗುಳಿಗೆಗೆ ಅದನ್ನು ಬೆರೆಸುವುದಿಲ್ಲ. ಆದರೆ ನಳಿಗೆಯ ಬಾಯಿ ಮುಚ್ಚಿರುವುದರಿಂದ ಆ ಬೆಳಕನ್ನು ನೋಡುವವರು ಯಾರೂ ಇಲ್ಲ.